ಮೊಳೆ ಮಾವನ ಗೋಡೆಗಳು

೧೯೯೮ನೆಯ ಇಸವಿ ಫೆಬ್ರವರಿ ೩, ಮಂಗಳವಾರ. ಚಳಿಗಾಲ ಮುಗಿಯುತ್ತ ಬಂದಿತ್ತು. ಹಿಂದಿನ ನವೆಂಬರ್ ೨೭ರ ಸಂಜೆ ಬಿದ್ದ ನಾಲ್ಕು ಹನಿಯೇ ಕೊನೆ. ಅಲ್ಲಿಂದ ಅರವತ್ತೆಂಟು ದಿನ ಮಳೆಯ ಸುಳಿವಿರಲಿಲ್ಲ. ಬೀದಿಯ ಧೂಳು ಕಿಟಕಿಯ ಸರಳುಗಳ ಮೇಲೆ ಕುಳಿತು, ಬೆರಳಿಟ್ಟರೆ ಗೆರೆ ಮೂಡುತ್ತಿತ್ತು. ಇಂಥ ಒಣಹವೆಯಲ್ಲಿ, ಬೆಳಿಗ್ಗೆ ಎಂಟೂಕಾಲಿಗೆ, ಎರಡನೆಯ ನಂಬರಿನ ಮನೆಯಲ್ಲಿದ್ದ ಔಷಧಿ ಅಂಗಡಿಯವನು ಒಂದನೆಯ ನಂಬರಿನ ಬಾಗಿಲು ತಟ್ಟಿ, ತನ್ನ ಮಲಗುವ ಕೋಣೆಯ ಗೋಡೆ ಒದ್ದೆಯಾಗಿದೆಯೆಂದು ದೂರಿದನು.

"ಒದ್ದೆ ಅಂದ್ರೆ?" ಎಂದರು ಬಾಗಿಲು ತೆರೆದವರು.

"ಒದ್ದೆ ಅಂದ್ರೆ ಒದ್ದೆ ಸಾರ್. ಕೈಯಿಟ್ರೆ ತಣ್ಣಗೆ ಹತ್ತುತ್ತೆ."

"ಮಳೆನೇ ಇಲ್ವಲ್ರೀ."

"ಅದನ್ನ ಗೋಡೆಗೆ ಹೇಳಿ ಸಾರ್. ನಂಗೆ ಹೇಳಿ ಏನುಪಯೋಗ?"

ಬಾಗಿಲು ತೆರೆದವರು ಆ ಮೂರಂತಸ್ತಿನ, ಆರು ಮನೆಗಳ ಕಟ್ಟಡದ ಮೇಲ್ವಿಚಾರಕರು. ಭೂಮಾಪನ ಕಚೇರಿಯಲ್ಲಿ ಮೂವತ್ತಮೂರು ವರ್ಷ ನಕ್ಷೆ ಬರೆದು, ೧೯೯೦ರ ಮೇ ೩೧ರಂದು ನಿವೃತ್ತರಾಗಿ, ಅದೇ ಜುಲೈ ೧ರಿಂದ ಮಾಲೀಕರ ಪರವಾಗಿ ಈ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದರು. ಅದಕ್ಕೆ ಪ್ರತಿಯಾಗಿ ನೆಲ ಅಂತಸ್ತಿನ ಎರಡು ಕೋಣೆಯ ಮನೆಯಲ್ಲಿ ಹೆಂಡತಿಯೊಡನೆ ವಾಸ. ಬಾಡಿಗೆದಾರರು ಅವರನ್ನು ಎದುರಿಗೆ 'ಮ್ಯಾನೇಜರ್ ಸಾರ್' ಎಂದೂ ಬೆನ್ನ ಹಿಂದೆ 'ಮೊಳೆ ಮಾವ' ಎಂದೂ ಕರೆಯುತ್ತಿದ್ದರು. ಆ ಎರಡನೆಯ ಹೆಸರು ಅವರ ಕಿವಿಗೂ ಬಿದ್ದಿತ್ತು; ಕೇಳಿಸದವರಂತೆ ಇದ್ದರು.

ಹೆಸರು ಸುಮ್ಮನೆ ಬಂದುದಲ್ಲ. ಯಾರೇ ಹೊಸದಾಗಿ ಮನೆಗೆ ಬರಲಿ, ಸಾಮಾನು ಇಳಿಯುವ ಮೊದಲು ಮೊಳೆ ಮಾವ ಅಳತೆಯ ಪಟ್ಟಿ, ಪೆನ್ಸಿಲು ಮತ್ತು ಕಂದು ರಟ್ಟಿನ ದಪ್ಪ ಪುಸ್ತಕದೊಡನೆ ಒಳಹೊಕ್ಕು, ಗೋಡೆಗೋಡೆಯಲ್ಲಿರುವ ಮೊಳೆಗಳನ್ನು ಎಣಿಸುತ್ತಿದ್ದರು. ಪ್ರತಿಯೊಂದು ಮೊಳೆಗೂ ಒಂದು ಸಾಲು: ಯಾವ ಗೋಡೆ, ಮೂಲೆಯಿಂದ ಎಷ್ಟು ಅಂಗುಲ, ನೆಲದಿಂದ ಎಷ್ಟು ಅಡಿ. ಕೆಳಗೆ ಬಾಡಿಗೆದಾರರ ಸಹಿ. ಮನೆ ಬಿಡುವ ದಿನ ಮತ್ತೆ ಎಣಿಕೆ. ಒಂದು ಮೊಳೆ ಹೆಚ್ಚಾಗಿದ್ದರೆ ಅದನ್ನು ಕಿತ್ತು, ತೂತು ಮುಚ್ಚಿಸಿ, ಸುಣ್ಣ ಬಳಿಸಿಕೊಟ್ಟೇ ಹೋಗಬೇಕು. ೧೯೯೮ರ ಆರಂಭಕ್ಕೆ ಆ ಪುಸ್ತಕದ ಪ್ರಕಾರ ಕಟ್ಟಡದಲ್ಲಿ ಒಟ್ಟು ನೂರ ನಲವತ್ತಮೂರು ಮೊಳೆಗಳಿದ್ದವು.

ಔಷಧಿ ಅಂಗಡಿಯವನ ಕೋಣೆಗೆ ಹೋಗಿ ನೋಡಿದರೆ, ಮಾತು ನಿಜವೇ. ಚಾವಣಿಯ ಅಂಚಿನಿಂದ ಒಂದು ಗೇಣು ಕೆಳಗೆ, ಅಂಗೈಯಗಲದ ಮಸಕು ಕಲೆ. ಮೊಳೆ ಮಾವ ಸ್ಟೂಲು ಹತ್ತಿ, ಕಲೆಯ ಅಂಚಿಗೆ ಸರಿಯಾಗಿ ಪೆನ್ಸಿಲಿನಿಂದ ಗೆರೆ ಎಳೆದು, ಗೆರೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ '೩-೨-೯೮' ಎಂದು ಬರೆದರು.

"ಇದೇನ್ ಸಾರ್, ಗೋಡೆ ಮೇಲೆ ಬರೀತೀರಿ? ನಮ್ಮ ಮಗು ಬರೆದಾಗ ಬೈದಿದ್ರಲ್ಲ."

"ಅದು ಗೀಚಾಟ. ಇದು ದಾಖಲೆ."

ಮರುದಿನ ಕಲೆ ಗೆರೆಯನ್ನು ದಾಟಿತ್ತು. ಮೊಳೆ ಮಾವ ಎರಡನೆಯ ಗೆರೆ ಎಳೆದರು. ಅದರ ಮರುದಿನ ಮೂರನೆಯದು. ಗುಡ್ಡದ ನಕ್ಷೆಯಲ್ಲಿ ಎತ್ತರದ ಗೆರೆಗಳು ಒಂದರ ಸುತ್ತ ಒಂದು ಹರಡುವಂತೆ, ದಿನಕ್ಕೊಂದು ತಾರೀಕನ್ನು ಹೊತ್ತು ಕಲೆ ಬೆಳೆಯಿತು. ಔಷಧಿ ಅಂಗಡಿಯವನು ಮಂಚವನ್ನು ಗೋಡೆಯಿಂದ ಎಳೆದು ಕೋಣೆಯ ನಡುವೆ ಹಾಕಿಕೊಂಡನು. ಅವನ ಹೆಂಡತಿ ಮಂಚದ ಸುತ್ತ ನಡೆದಾಡುವಾಗಲೆಲ್ಲ ಮೊಣಕಾಲು ತಗಲಿಸಿಕೊಂಡು, ಪ್ರತಿಸಲವೂ ಮೊಳೆ ಮಾವನನ್ನು ನೆನೆಯುತ್ತಿದ್ದಳು, ಒಳ್ಳೆಯ ಮಾತಿನಲ್ಲಲ್ಲ.

ಇತ್ತ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಒಂದನೆಯ ನಂಬರಿನಲ್ಲಿ ಟೆಲಿಫೋನು ಬಡಿದುಕೊಳ್ಳುತ್ತಿತ್ತು. ಕಟ್ಟಡದ ಮಾಲೀಕರು ಎಪ್ಪತ್ತೊಂಬತ್ತು ವರ್ಷದ ಮುದುಕಿ. ಗಂಡ ಕಟ್ಟಿಸಿದ ಕಟ್ಟಡವನ್ನು ಬಿಟ್ಟು ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಅಲ್ಲಿ ಅವರಿಗೆ ಮಾಡಲು ಕೆಲಸವಿರಲಿಲ್ಲವಾಗಿ, ಏಳೂವರೆ ವರ್ಷದಿಂದ ಒಂದು ದಿನವೂ ತಪ್ಪದೆ ಮೂರೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತಿದ್ದರು.

"ಗೇಟು ಹಾಕಿತ್ತಾ?"

"ಹಾಕಿತ್ತಮ್ಮಾ."

"ಟ್ಯಾಂಕು ತುಂಬ್ತಾ?"

"ತುಂಬ್ತಮ್ಮಾ."

"ಯಾರಾದ್ರೂ ಮೊಳೆ ಹೊಡೆದ್ರಾ?"

ಮೊಳೆ ಮಾವ ಮಾಲೀಕರಿಗೆ ಒಂದು ದಿನವೂ ಸುಳ್ಳು ಹೇಳಿದವರಲ್ಲ. ಆದುದರಿಂದ ಫೆಬ್ರವರಿ ೪ರಂದು ಮೂರನೆಯ ಪ್ರಶ್ನೆಗೆ 'ಇಲ್ಲ' ಎಂದ ಮೇಲೆ, ಗೋಡೆಯ ಸಂಗತಿಯನ್ನೂ ತಿಳಿಸಿದರು. ಅಂದಿನಿಂದ ಮೂರು ಪ್ರಶ್ನೆ ನಾಲ್ಕಾಯಿತು. "ಗೋಡೆ ಇವತ್ತು ಎಷ್ಟಾಯ್ತು?" ಎಂದು ಮುದುಕಿ, ಜ್ವರದವರ ಮೈ ಬಿಸಿ ವಿಚಾರಿಸುವ ಹಾಗೆ ವಿಚಾರಿಸತೊಡಗಿದರು.

ನಲ್ಲಿ ರಿಪೇರಿಯವನಿಗೆ ಹೇಳಿಕಳಿಸಿದ್ದು ಫೆಬ್ರವರಿ ೫ರಂದು. "ಬಂದೇ ಸಾರ್, ದಾರೀಲಿದೀನಿ" ಎಂದನು. ಆ ದಾರಿ ಎಷ್ಟು ಉದ್ದದ್ದೋ ಕಾಣೆ. ಮೂರು ಬೀದಿಯಾಚೆಯ ತನ್ನ ಮನೆಯಿಂದ ಬಂದು ತಲುಪಲು ಅವನಿಗೆ ಆರು ದಿನ ಹಿಡಿಯಿತು. ಹನ್ನೊಂದನೆಯ ತಾರೀಕು ಬುಧವಾರ ಬಂದವನು, ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ನಾಲ್ಕು ಕಡೆ ಬಡಿದು, ಗಂಭೀರವಾಗಿ ತಲೆಯಾಡಿಸಿದನು.

"ಎಲ್ಲೋ ಒಂದು ಕಡೆ ಲೀಕಿದೆ ಸಾರ್."

"ಇದನ್ನ ಹೇಳೋಕೆ ಆರು ದಿನ ಬೇಕಾಯ್ತೇನಯ್ಯಾ? ಅಷ್ಟು ನಂಗೂ ಗೊತ್ತು."

"ನೀವು ಗೋಡೆ ಒಡಿಯೋಕೆ ಬಿಡಿ, ಎಲ್ಲಿ ಅಂತ ತೋರಿಸ್ತೀನಿ. ಮೇಲಿಂದ ಕೆಳಗಿನವರೆಗೂ ಒಡೆದ್ರೆ ಎಲ್ಲೋ ಒಂದ್ಕಡೆ ಸಿಕ್ಕೇ ಸಿಗುತ್ತೆ."

ಮೊಳೆ ಮಾವನಿಗೆ ಮೈ ಉರಿಯಿತು. ಆ ಪೈಪುಗಳು ಯಾರೋ ಹಾಕಿಸಿದವಲ್ಲ. ೧೯೯೩ರ ಏಪ್ರಿಲಿನಲ್ಲಿ ಹಳೆಯ ಕಬ್ಬಿಣದ ಪೈಪುಗಳನ್ನು ತೆಗೆಸಿ, ಪ್ಲಾಸ್ಟಿಕ್ ಪೈಪುಗಳನ್ನು ಗೋಡೆಯೊಳಗೆ ಹೂಳಿಸಿದಾಗ, ಹದಿನೇಳು ದಿನ ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕುಳಿತಿದ್ದವರು ಇವರು. ತಮ್ಮ ಮನೆಗೆ ಹೋಗಿ, ಸುರುಳಿ ಸುತ್ತಿಟ್ಟಿದ್ದ ನಕ್ಷೆಯನ್ನು ತಂದು ಮಂಚದ ಮೇಲೆ ಹರಡಿದರು. ಎರಡನೆಯ ಮನೆಯ ಈ ಗೋಡೆಯ ನೇರ ಮೇಲಕ್ಕೆ ನಾಲ್ಕನೆಯ ಮನೆಯ ಬಚ್ಚಲಿನ ಗೋಡೆ. ಅದರ ನಡುವೆ, ಮೂಲೆಯಿಂದ ಸರಿಯಾಗಿ ಹನ್ನೊಂದು ಅಂಗುಲ ದೂರದಲ್ಲಿ, ಟ್ಯಾಂಕಿನಿಂದ ಇಳಿಯುವ ಪೈಪು. ಕೆಂಪು ಮಸಿಯ ಗೆರೆ, ಪಕ್ಕದಲ್ಲಿ '೧೧' ಎಂಬ ಅಂಕಿ.

ನಲ್ಲಿ ರಿಪೇರಿಯವನು ನಕ್ಷೆಯನ್ನು ಬಗ್ಗಿ ನೋಡಿದನು. "ಅಲ್ಲಿ ಜಾಯಿಂಟೇ ಇಲ್ವಲ್ಲ ಸಾರ್. ಜಾಯಿಂಟ್ ಬಿಟ್ಟಿದ್ರೆ ಒಂದೇ ದಿನಕ್ಕೆ ಧಾರೆ ಸುರೀತಿತ್ತು. ಇದು ನೋಡಿದ್ರೆ ಸೂಜಿ ಚುಚ್ಚಿದಷ್ಟು ತೂತು. ಯಾರೋ ಏನೋ ಚುಚ್ಚಿರೋ ಥರ ಇದೆ."

ಏನೋ ಚುಚ್ಚಿರುವ ಥರ! ನಕ್ಷೆಯನ್ನು ಸುತ್ತುತ್ತಿದ್ದ ಮೊಳೆ ಮಾವನ ಕೈ ಹಾಗೆಯೇ ನಿಂತಿತು. ಗೋಡೆಗೆ ಚುಚ್ಚುವ ವಸ್ತು ಲೋಕದಲ್ಲಿ ಒಂದೇ. ನಾಲ್ಕನೆಯ ಮನೆಯಲ್ಲಿರುವವಳು ಡಿಸೆಂಬರ್ ೨೦ರಂದು ತಮ್ಮ ಬಳಿಗೆ ಬಂದು ಏನು ಕೇಳಿದಳೆಂಬುದು ಅವರ ದಿನಚರಿಯಲ್ಲಿತ್ತು.

ನಾಲ್ಕನೆಯ ಮನೆಯಲ್ಲಿದ್ದವಳು ಹೊಲಿಗೆಯವಳು. ಮೂವತ್ತನಾಲ್ಕರ ವಯಸ್ಸು, ಮಂಡಿ ನೋವಿನ ತಾಯಿಯೊಬ್ಬಳು ಜೊತೆಗೆ. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ, ಅದರ ಎದುರು ಬಟ್ಟೆ ತೊಟ್ಟು ನೋಡಲು ಬರುವವರಿಗೆ ಒಂದು ನಿಲುವುಗನ್ನಡಿ. ಆ ಕನ್ನಡಿಯನ್ನು ಕುರ್ಚಿಗೆ ಒರಗಿಸಿ ಇಟ್ಟಿದ್ದರಿಂದ, ನೋಡುವವರಿಗೆ ಅಂಗಿಯ ಕೆಳಗಿನರ್ಧ ಮಾತ್ರ ಕಾಣುತ್ತಿತ್ತು, ಮೇಲಿನರ್ಧಕ್ಕೆ ಬಗ್ಗಬೇಕು. "ಒಂದೇ ಒಂದು ಮೊಳೆ ಮಾವ, ಕನ್ನಡಿಗೆ" ಎಂದು ಅವಳು ಕೇಳಿದ್ದಳು. ಕಟ್ಟಡದಲ್ಲಿ ಮೊಳೆ ಮಾವನನ್ನು ಎದುರಿಗೇ ಮಾವ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ಮಾವ ಒಪ್ಪಲಿಲ್ಲ. ಒಪ್ಪದಿದ್ದುದು ಮಾತ್ರವಲ್ಲ, ಇನ್ನು ಯಾರೂ ಕೇಳಬಾರದೆಂದು ಹನ್ನೊಂದು ನಿಯಮಗಳ ಮರದ ಹಲಗೆಯೊಂದನ್ನು ಬರೆಯಿಸಿ, ಡಿಸೆಂಬರ್ ೨೬ರ ಶುಕ್ರವಾರ ಅವಳ ಬಾಗಿಲಿನ ಪಕ್ಕದಲ್ಲೇ, ಮೆಟ್ಟಿಲ ತುದಿಯಲ್ಲಿ, ಹೊರಬಂದ ಕೂಡಲೇ ಕಣ್ಣಿಗೆ ಹೊಡೆಯುವಂತೆ ತೂಗುಹಾಕಿದ್ದರು.

ಫೆಬ್ರವರಿ ೧೨, ಗುರುವಾರ, ಹತ್ತು ಗಂಟೆಗೆ ಅವರು ಪುಸ್ತಕ ಹಿಡಿದು ಅವಳ ಬಚ್ಚಲಿಗೆ ನುಗ್ಗಿದರು. ಪಟ್ಟಿಯಲ್ಲಿ ಎರಡು ಮೊಳೆ. ಗೋಡೆಯಲ್ಲಿ ಎರಡು ಮೊಳೆ. ಸಿಕ್ಕಿಬಿದ್ದ ಕಳ್ಳನ ಜೇಬಿನಲ್ಲಿ ಏನೂ ಸಿಗದಾಗ ಪೊಲೀಸಿನವನ ಮುಖ ಹೇಗಾಗುತ್ತದೋ ಹಾಗಾಯಿತು. ಆದರೆ ಪೈಪಿನ ಜಾಗದ ಹತ್ತಿರದಲ್ಲೇ ನಾಣ್ಯದಗಲ ಬೆಳ್ಳಗೆ, ಹೊಸದಾಗಿ ಮೆತ್ತಿದ ಗುರುತೊಂದು ಕಂಡಿತು.

"ಇದೇನಮ್ಮಾ?"

"ಸೋಪಿನ ಪೆಟ್ಟಿಗೆ ಅಂಟಿಸಿದ್ದೆ ಮಾವ. ಬಿದ್ದೋಯ್ತು. ಅಂಟು ಅದು."

"ಅಂಟೋ, ಮೊಳೆ ಕಿತ್ತ ತೂತು ಮುಚ್ಚಿದ್ದೋ?"

ಹೊಲಿಗೆಯವಳು ಕೊರಳಲ್ಲಿದ್ದ ಅಳತೆಯ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ಮೊಳೆ ಹೊಡೆಯೋಳಾಗಿದ್ರೆ ಕನ್ನಡಿ ಯಾಕೆ ಕುರ್ಚಿ ಮೇಲಿರುತ್ತೆ ಮಾವ? ಬಚ್ಚಲಲ್ಲಿ ಯಾರಿಗೆ ಅಂಗಿ ತೊಡಿಸಿ ನೋಡ್ಲಿ?"

"ಮಾತಿಗೆ ಮಾತು ಬೇಡ."

"ಗೀರಿ ನೋಡಿ ಮತ್ತೆ. ಉಗುರಿದೆಯಲ್ಲ?"

ಗೀರಿ ನೋಡಿದ್ದರೆ ಆಗುತ್ತಿತ್ತು. ನೋಡಲಿಲ್ಲ. ಮೂವತ್ತಮೂರು ವರ್ಷ ನಕ್ಷೆ ಬರೆದವರಿಗೆ ಕಾಗದದ ಮೇಲೆ ಕೂಡಿ ಬಂದ ಲೆಕ್ಕ ಗೋಡೆಯ ಮೇಲೂ ಕೂಡಿ ಬಂದೇ ಬರಬೇಕೆಂಬ ಹಟ. ಪೈಪು ಇಲ್ಲಿ, ಗುರುತು ಇಲ್ಲಿ, ಮೊಳೆ ಬೇಕೆಂದು ಕೇಳಿದವಳು ಇಲ್ಲಿ. ಇನ್ನೇನು ಬೇಕು?

ಮರುದಿನ ಬೆಳಿಗ್ಗೆ ಏಳಕ್ಕೆ ಟೆಲಿಫೋನಿನಲ್ಲಿ ಎಲ್ಲವನ್ನೂ ಒಪ್ಪಿಸಿದರು. ಆ ಕಡೆಯಿಂದ ಮುದುಕಿಯ ಧ್ವನಿ ಗರಗಸದಂತೆ ಬಂದಿತು.

"ಒಂದೇ ಮಾತು ಮ್ಯಾನೇಜರೇ. ಯಾರು ಮೊಳೆ ಹೊಡೆದಿದಾರೋ ಅವರು ಮಾರ್ಚಿ ಒಂದನೇ ತಾರೀಕಿಗೆ ನನ್ನ ಮನೆ ಬಿಡ್ಬೇಕು. ಅವರು ಯಾರೇ ಆಗಿರ್ಲಿ."

"ಯಾರೇ ಆಗಿರ್ಲಿ ಅಮ್ಮಾ" ಎಂದು ಮೊಳೆ ಮಾವ ಒಪ್ಪಿಕೊಂಡರು.

ಅವರ ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದವರು, ರಿಸೀವರು ಕೆಳಗಿಟ್ಟ ಕೂಡಲೇ ಶುರುಮಾಡಿದರು. "ಏನ್ರೀ, ಆ ಹುಡುಗಿ ಮೊಳೆ ಹೊಡೆದಿಲ್ಲ."

"ನಿಂಗೆ ಹೇಗೆ ಗೊತ್ತು?"

"ಹೊಡೆಯೋಳು ಕೇಳೋಕೆ ಬರಲ್ಲ. ಕೇಳೋಕೆ ಬಂದೋಳು ಹೊಡೆಯಲ್ಲ. ಅಷ್ಟೂ ತಿಳಿಯಲ್ವಾ ನಿಮ್ಗೆ?"

"ನಂಗೆ ಸಾಕ್ಷಿ ಬೇಕು ಕಣೇ, ನಿನ್ನ ಅನುಮಾನ ಅಲ್ಲ."

"ಸಾಕ್ಷಿಯಂತೆ! ಸೋಪಿನ ಅಂಟಿಗೆ ಒಂದು ಸಂಸಾರ ಬೀದಿಗೆ ಹಾಕ್ತಾರಂತೆ!" ಎಂದು ಆಕೆ ಪಾತ್ರೆಯನ್ನು ಕುಕ್ಕಿದ ಸದ್ದು ಎರಡನೆಯ ನಂಬರಿನವರೆಗೂ ಕೇಳಿಸಿತು. ಅಂದಿನಿಂದ ಗಂಡನಿಗೆ ಚಹಾ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

ಫೆಬ್ರವರಿ ೧೬, ಸೋಮವಾರ, ಮನೆ ಬಿಡುವ ನೋಟೀಸನ್ನು ಹೊಲಿಗೆಯವಳ ಕೈಗೆ ಕೊಟ್ಟು ಸಹಿ ಪಡೆದರು. ಅವಳಿಗೆ ಬಟ್ಟೆ ಕೊಡುವವರೆಲ್ಲ ಆ ಒಂದು ಬೀದಿಯವರೇ, ನಲವತ್ತು ಮನೆಯವರು. ಹೊಸ ಮನೆ ಸಿಗುವುದಾದರೆ ಎರಡು ಬಸ್ಸು ಬದಲಾಯಿಸುವಷ್ಟು ದೂರದಲ್ಲಿ, ಅದೂ ಮೂರನೆಯ ಅಂತಸ್ತಿನಲ್ಲಿ. ಒಂದು ಗುಂಡಿ ಹೊಲಿಸಲು ಅಷ್ಟು ದೂರ ಯಾರು ಬಂದಾರು? ಆ ಮೆಟ್ಟಿಲುಗಳನ್ನು ತಾಯಿ ಯಾವ ಮಂಡಿಯಿಂದ ಹತ್ತಿಯಾಳು? ಅವಳು ಇದಾವುದನ್ನೂ ಹೇಳಲಿಲ್ಲ. ನೋಟೀಸನ್ನು ನಾಲ್ಕಾಗಿ ಮಡಿಸಿ, ಸೂಜಿಗಳ ಡಬ್ಬಿಯ ಕೆಳಗಿಟ್ಟಳು. ಮೆಟ್ಟಿಲಿಳಿದು ಬರುವಾಗ ಮೊಳೆ ಮಾವನಿಗೆ ಯಂತ್ರದ ಸದ್ದು ಕೇಳಿಸಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಸದ್ದಿನಿಂದ ತಲೆ ಚಿಟ್ಟು ಹಿಡಿಯುತ್ತದೆಂದು ಅವರೇ ಎಷ್ಟೋ ಸಲ ಗೊಣಗಿದ್ದುಂಟು. ಈಗ ಅದು ಇಲ್ಲದಿರುವುದೂ ಅಷ್ಟೇ ಚಿಟ್ಟು ಹಿಡಿಸಿತು.

ಗೋಡೆಯ ಕಲೆ ಮಾತ್ರ ನೋಟೀಸಿಗೆ ಹೆದರದೆ ಬೆಳೆಯುತ್ತಲೇ ಇತ್ತು. "ನಮ್ಮ ಗೋಡೆ ಭೂಪಟ ಆಗೋಯ್ತು" ಎಂದು ಔಷಧಿ ಅಂಗಡಿಯವನ ಹೆಂಡತಿ ಮೆಟ್ಟಿಲ ಬಳಿ ಸಿಕ್ಕವರಿಗೆಲ್ಲ ಹೇಳಿದಳು. "ನಿನ್ನೆ ಒಂದು ದ್ವೀಪ ಹುಟ್ಟಿದೆ, ಬಂದು ನೋಡಿ." ನಲ್ಲಿ ರಿಪೇರಿಯವನು, ಒಡೆಯುವುದಾದರೆ ಮನೆ ಖಾಲಿಯಾದ ಮೇಲೆಯೇ ಒಡೆಯುವುದು ಎಂದು ತೀರ್ಮಾನವಾದಾಗಿನಿಂದ, ಮತ್ತೆ ಎಲ್ಲೋ ದಾರಿಯಲ್ಲಿದ್ದನು.

ಫೆಬ್ರವರಿ ೨೪, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ಬಿಡುವ ಮುನ್ನಿನ ಎಣಿಕೆಗೆ ಮೊಳೆ ಮಾವ ನಾಲ್ಕನೆಯ ಮನೆಗೆ ಹೋದರು. ದಾರದ ಉಂಡೆಗಳೆಲ್ಲ ಡಬ್ಬಿ ಸೇರಿದ್ದವು. ತಾಯಿ ಮಂಚದ ಮೇಲೆ ಕಾಲು ನೀಡಿಕೊಂಡು, ಬಂದವರ ಮುಖ ನೋಡದೆ, ಗೋಡೆಯ ಕಡೆ ತಿರುಗಿದಳು. ಮೊಳೆ ಮಾವ ಒಂದೊಂದನ್ನೇ ಮುಟ್ಟಿ ಎಣಿಸಿದರು. ಪಟ್ಟಿಯಲ್ಲಿ ಹತ್ತೊಂಬತ್ತು. ಗೋಡೆಗಳಲ್ಲಿ ಹತ್ತೊಂಬತ್ತು.

"ಹತ್ತೊಂಬತ್ತು ಸರಿಯಾಗಿದೆ ಅಂತ ಬರೀರಿ" ಎಂದಳು ಹೊಲಿಗೆಯವಳು. "ತಾರೀಕು ಹಾಕಿ. ಸಹಿ ಹಾಕಿ."

ಅವರು ಬರೆದರು, ತಾರೀಕು ಹಾಕಿದರು, ಸಹಿ ಹಾಕಿದರು. ಹೊರಟು ಬಾಗಿಲು ದಾಟುವಾಗ ಅವಳು ಹಿಂದೆಯೇ ಬಂದಳು. ಅಷ್ಟು ದಿನ ನುಂಗಿಕೊಂಡಿದ್ದುದೆಲ್ಲ ಆ ಹೊಸ್ತಿಲಲ್ಲಿ ಉಕ್ಕಿ ಬಂದಿತೇನೋ, ಮೆಟ್ಟಿಲ ತುದಿಯ ಹಲಗೆಯ ಕಡೆ ಕೈ ತೋರಿಸಿ ಕೇಳಿದಳು:

"ಇವು ಯಾರ ಪಟ್ಟೀಲಿವೆ ಮಾವ? ನಾಲ್ಕು ಮೊಳೆ ಇದೆ. ಒಂದೊಂದು ನನ್ನ ಬೆರಳುದ್ದ. ಇವಕ್ಕೆ ಯಾರು ಸಹಿ ಹಾಕಿದಾರೆ?"

ಅದು ಬರಿಯ ಚುಚ್ಚುಮಾತು. ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಬೇರೆ ಯಾರೇ ಆಗಿದ್ದರೂ ಗದರಿಸಿ ಇಳಿದುಹೋಗುತ್ತಿದ್ದರು. ಆದರೆ ಪಟ್ಟಿಗೆ ಸೇರದ ಮೊಳೆಯೆಂದರೆ ಮೊಳೆ ಮಾವನಿಗೆ ಕಣ್ಣಿಗೆ ಬಿದ್ದ ಧೂಳಿನಂತೆ. ನಿಜ, ಮೆಟ್ಟಿಲ ಗೋಡೆಗೆ ಪುಸ್ತಕದಲ್ಲಿ ಪುಟವೇ ಇರಲಿಲ್ಲ. ನೂರ ನಲವತ್ತಮೂರು ಎಂದು ಎರಡು ತಿಂಗಳಿಂದ ತಪ್ಪು ಸಂಖ್ಯೆ ನಿಂತಿತ್ತು. ಅವರು ಅಲ್ಲೇ ಮೆಟ್ಟಿಲ ಮೇಲೆ ನಿಂತು ಹೊಸ ಪುಟ ತೆರೆದು ಬರೆಯತೊಡಗಿದರು: 'ಮೆಟ್ಟಿಲ ಗೋಡೆ, ನಾಲ್ಕನೆಯ ಮನೆಯ ಪಕ್ಕ. ಮೊಳೆ ನಾಲ್ಕು, ಮೂರಂಗುಲದ್ದು. ಮೊದಲನೆಯದು: ಮೂಲೆಯಿಂದ ದೂರ...' ಪಟ್ಟಿಯನ್ನು ಮೂಲೆಗೆ ಹಿಡಿದು ಹಲಗೆಯ ಎಡಗಡೆಯ ಮೇಲಿನ ಮೊಳೆಯವರೆಗೆ ಎಳೆದರು.

ಹನ್ನೊಂದು ಅಂಗುಲ.

ಮತ್ತೊಮ್ಮೆ ಎಳೆದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಈ ಗೋಡೆಯ ಒಳಮೈ ಬಚ್ಚಲು, ಹೊರಮೈ ಮೆಟ್ಟಿಲು. ಗೋಡೆ ಒಂದೇ. ನಾಲ್ಕೂವರೆ ಅಂಗುಲ ದಪ್ಪದ ಗೋಡೆ, ನಟ್ಟನಡುವೆ ಪೈಪು, ಮೂರಂಗುಲದ ಮೊಳೆ. ಹನ್ನೆರಡು ದಿನದಿಂದ ಒಳಗಡೆಯಿಂದ ನೋಡಿದ್ದರು. ಒಂದು ಸಲವೂ ಹೊರಗಡೆಯಿಂದ ನೋಡಿರಲಿಲ್ಲ. ಮೊಳೆಯ ಕೆಳಗೆ ಸುಣ್ಣದ ಮೇಲೆ ದಾರದಂಥ ಒಂದು ಹಸಿ ಗೆರೆ ಹಲಗೆಯ ಹಿಂದಕ್ಕೆ ಇಳಿದಿತ್ತು. ಹಲಗೆಯ ಮೇಲೆ, ಅವರ ಮೂಗಿನ ನೇರಕ್ಕೆ, ದಪ್ಪ ಕೆಂಪು ಅಕ್ಷರದಲ್ಲಿ ಒಂದನೆಯ ನಿಯಮವಿತ್ತು: 'ಗೋಡೆಗೆ ಮೊಳೆ ಹೊಡೆಯಕೂಡದು.'

"ಏನಾಯ್ತು?" ಎಂದಳು ಹೊಲಿಗೆಯವಳು.

ಮೊಳೆ ಮಾವ ಪುಸ್ತಕ ಮುಚ್ಚಿ ಇಳಿದುಹೋದರು.

ಆ ಸಂಜೆ ಅವರು ನಕ್ಷೆಯನ್ನು ಬಿಚ್ಚಿ ಸುತ್ತಿ, ಸುತ್ತಿ ಬಿಚ್ಚಿ ಕುಳಿತಿದ್ದನ್ನು ಹೆಂಡತಿ ನೋಡಿದರು. ಹನ್ನೊಂದು ದಿನದ ಮೌನ ಮುರಿದು, "ಯಾಕ್ರೀ, ಮೈಗೆ ಹುಷಾರಿಲ್ವಾ?" ಎಂದರು.

"ಮೊಳೆ ನಂದು ಕಣೇ."

ಆಕೆ ನಗಬಹುದಿತ್ತು, ಹಂಗಿಸಬಹುದಿತ್ತು, ಎರಡಕ್ಕೂ ಅವರಿಗೆ ಪೂರ್ತಿ ಹಕ್ಕಿತ್ತು. "ಹಲಗೇದಾ?" ಎಂದು ಮಾತ್ರ ಕೇಳಿದರು. ಗಂಡ ತಲೆಯಾಡಿಸಿದ ಮೇಲೆ, "ಮೇಲೆ ಹೋಗಿ ಹೇಳ್ತೀರೋ, ನಾನೇ ಹೋಗ್ಲೋ?" ಎಂದರು.

"ಮೊದ್ಲು ಕಿತ್ತು ನೋಡ್ಬೇಕು. ಸಾಕ್ಷಿ ಬೇಕು."

"ಇನ್ನೂ ಸಾಕ್ಷಿನಾ!" ಎಂದು ಆಕೆ ಹಣೆ ಚಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಏಳರ ಕರೆಗೆ ಮೂರೂ ಪ್ರಶ್ನೆಗಳಿಗೆ ಉತ್ತರ ಕೊಡುವಾಗ, ಮೂರನೆಯದಕ್ಕೆ ಮೊಳೆ ಮಾವ, "ನಾಳೆ ಹೇಳ್ತೀನಮ್ಮಾ" ಎಂದರು. ಏಳೂವರೆ ವರ್ಷದಲ್ಲಿ ಅಂಥ ಉತ್ತರ ಅದೇ ಮೊದಲು. ಮುದುಕಿ ನಾಲ್ಕನೆಯ ಪ್ರಶ್ನೆಯನ್ನು ಕೇಳಲು ಮರೆತರು.

ಬೇಡವೆಂದಾಗಲೆಲ್ಲ ನಲ್ಲಿ ರಿಪೇರಿಯವನು ಹೇಳಿದ ಹೊತ್ತಿಗೆ ಬರುವವನು. ಫೆಬ್ರವರಿ ೨೫ರ ಹತ್ತು ಗಂಟೆಗೆ ಸರಿಯಾಗಿ ಹಾಜರಾದನು. ಹೊಲಿಗೆಯವಳು ಹೊಸ ಮನೆಗೆ ಮುಂಗಡ ಕೊಡಲು ಹೋಗಿದ್ದಳು. ಔಷಧಿ ಅಂಗಡಿಯವನು ಅಂಗಡಿಯಲ್ಲಿದ್ದನು. ಮೆಟ್ಟಿಲಲ್ಲಿ ಇವರಿಬ್ಬರೇ. ಮೊಳೆ ಮಾವ ತಾವೇ ಇಕ್ಕಳ ಹಿಡಿದು, ಎಡಗಡೆಯ ಮೇಲಿನ ಮೊಳೆಯನ್ನು ಎರಡು ಸಲ ತಿರುಚಿ ಎಳೆದರು.

ಪೆನ್ಸಿಲಿನಷ್ಟು ದಪ್ಪದ ನೀರಿನ ಧಾರೆ ಹಲಗೆಯ ಮೇಲಿನಿಂದ ಹಾರಿ ನೇರವಾಗಿ ಅವರ ಕನ್ನಡಕಕ್ಕೆ ಹೊಡೆಯಿತು. ಅಂಗಿ, ಜೇಬಿನ ದಿನಚರಿ, ಎಲ್ಲ ತೊಯ್ದು ತೊಪ್ಪೆಯಾದವು. ನಲ್ಲಿ ರಿಪೇರಿಯವನು ಓಡಿಹೋಗಿ ಟ್ಯಾಂಕಿನ ಕೀಲಿ ತಿರುಗಿಸಿ ಬಂದು, ಉಸಿರು ಬಿಡುತ್ತ, ಮೊದಲು ಹಲಗೆಯನ್ನು ಓದಿದನು, ಆಮೇಲೆ ಮೊಳೆ ಮಾವನ ಮುಖ ನೋಡಿದನು. ಅವನ ಕೆನ್ನೆ ಒಳಗಿನಿಂದ ಅದುರುತ್ತಿತ್ತು.

"ನಗಬೇಡ" ಎಂದರು ಮೊಳೆ ಮಾವ.

"ನಗ್ತಿಲ್ಲ ಸಾರ್." ಅವನು ಸುತ್ತಲೂ ನೋಡಿ ಧ್ವನಿ ತಗ್ಗಿಸಿದನು. "ಒಂದ್ಮಾತು. ಯಾರೂ ನೋಡಿಲ್ಲ. ಪೈಪು ತಾನಾಗೇ ಬಿರುಕು ಬಿಟ್ಟಿತ್ತು ಅಂತ ನಾನು ಬರ್ಕೊಡ್ತೀನಿ. ಹೊಲಿಗೆ ಅಕ್ಕನೂ ಉಳೀತಾರೆ, ನಿಮ್ಮ ಮಾನನೂ ಉಳಿಯುತ್ತೆ. ಯಾರಿಗೇನು ನಷ್ಟ?"

ಯಾರಿಗೂ ನಷ್ಟವಿಲ್ಲ, ಅದು ನಿಜವೇ ಆಗಿತ್ತು. ಮೊಳೆ ಮಾವ ಒದ್ದೆ ಕನ್ನಡಕವನ್ನು ಒದ್ದೆ ಅಂಗಿಯಿಂದಲೇ ಒರೆಸುತ್ತ, ಒರೆಸಿದಷ್ಟೂ ಮಸುಕಾಗುವುದನ್ನು ನೋಡಿದರು. ಬಿರುಕು ಎಂದು ಬರೆದರೆ ನಕ್ಷೆ ಸುಳ್ಳಾಗುತ್ತದೆ, ಹದಿನೇಳು ದಿನ ಪಕ್ಕದಲ್ಲಿ ಕುಳಿತು ಹಾಕಿಸಿದ ಪೈಪು ಸುಳ್ಳಾಗುತ್ತದೆ, ನಾಳೆ ಏಳು ಗಂಟೆಗೆ ಮೂರನೆಯ ಪ್ರಶ್ನೆಗೆ ಕೊಡುವ ಉತ್ತರ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳು ಮೊಳೆ ಹೊಡೆದಳೆಂದು ತಾವು ಹೇಳಿದ ಮಾತು ಸುಳ್ಳೆಂದು ಯಾರಿಗೂ ತಿಳಿಯದೆ ಹಾಗೆಯೇ ಉಳಿಯುತ್ತದೆ.

"ಪೈಪು ಸರಿಯಾಗೇ ಇತ್ತು" ಎಂದರು. "ಮೊಳೆ ಅಂತ ಬರಿ. ಹೊಡೆದವರು ಮ್ಯಾನೇಜರ್ ಅಂತ ಬರಿ. ತಾರೀಕು ಇಪ್ಪತ್ತಾರು, ಹನ್ನೆರಡು, ತೊಂಬತ್ತೇಳು."

"ನಿಮ್ಮಂಥೋರ ಜೊತೆ ಹೇಗೆ ಬಾಳ್ತಾರೆ ಸಾರ್ ನಿಮ್ಮ ಮನೆಯೋರು?" ಎಂದು ನಲ್ಲಿ ರಿಪೇರಿಯವನು ನಿಟ್ಟುಸಿರಿಟ್ಟು ಕಾಗದ ತೆಗೆದನು.

ಮಧ್ಯಾಹ್ನ ಹೊಲಿಗೆಯವಳು ಬಂದುದನ್ನು ನೋಡಿ, ಅವರು ಒಣ ಅಂಗಿ ತೊಟ್ಟು ಮೇಲೆ ಹೋದರು. ಮೇಜಿನ ಮೇಲೆ ಮೊಳೆಯನ್ನಿಟ್ಟರು. ತುದಿಯಲ್ಲಿ ತುಕ್ಕು ಹಿಡಿದಿತ್ತು.

"ನಿನ್ನದಲ್ಲ. ನಂದು. ಹಲಗೇದು."

ಅವಳು ಮೊಳೆಯನ್ನು ನೋಡಿದಳು, ಮುಟ್ಟಲಿಲ್ಲ. ಮಂಚದ ಮೇಲಿದ್ದ ತಾಯಿ ಮೊದಲ ಬಾರಿಗೆ ಈ ಕಡೆ ತಿರುಗಿದಳು.

"ಹದಿಮೂರು ದಿನ" ಎಂದಳು ಹೊಲಿಗೆಯವಳು. "ಹದಿಮೂರು ದಿನದಿಂದ ನಮ್ಮಮ್ಮ ಸರಿಯಾಗಿ ಉಂಡಿಲ್ಲ. ಎಲ್ಲರ ಬಟ್ಟೇನೂ ಅರ್ಧರ್ಧ ವಾಪಸ್ ಕೊಟ್ಟೆ. ಗೀರಿ ನೋಡಿ ಅಂದೆ. ಒಂದು ಉಗುರು ಸಾಕಿತ್ತು."

"ಹೌದು."

"ಏನ್ ಹೌದು?"

"ನೀನು ಹೇಳಿದ್ದು. ನಾನು ನೋಡ್ಬೇಕಿತ್ತು." ಜೇಬಿನಿಂದ ನೋಟೀಸಿನ ಕಚೇರಿ ಪ್ರತಿಯನ್ನು ತೆಗೆದು, ಅವಳ ಎದುರಿಗೇ ಅಡ್ಡಗೆರೆ ಎಳೆದು, 'ತಪ್ಪಾಗಿ ಕೊಟ್ಟದ್ದು' ಎಂದು ಬರೆದು ಸಹಿ ಹಾಕಿದರು. ತಾರೀಕನ್ನೂ ಹಾಕಿದರು. ಅವಳು ಕಾಗದವನ್ನು ತೆಗೆದುಕೊಂಡಳು, ಕುಳಿತುಕೊಳ್ಳಿ ಎನ್ನಲಿಲ್ಲ.

ಫೆಬ್ರವರಿ ೨೬, ಗುರುವಾರ, ಏಳು ಗಂಟೆ.

"ಗೇಟು ಹಾಕಿತ್ತಾ?"

"ಅಮ್ಮಾ, ಮೊದ್ಲು ಮೂರನೇ ಪ್ರಶ್ನೆ ಕೇಳಿ."

"ಯಾರಾದ್ರೂ ಮೊಳೆ ಹೊಡೆದ್ರಾ?"

"ನಾನು ಹೊಡೆದೆ." ಎಲ್ಲವನ್ನೂ ತಾರೀಕುವಾರು ಹೇಳಿದರು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. "ಯಾರೇ ಆಗಿರ್ಲಿ ಅಂದಿದ್ರಿ. ಒಪ್ಪಿದ್ದೆ. ಮಾರ್ಚಿ ಒಂದಕ್ಕೆ ಒಂದನೇ ನಂಬರ್ ಖಾಲಿ ಮಾಡ್ತೀನಿ."

"ಆ ಹಲಗೇಲಿ ಮೊದಲನೇ ಸಾಲು ಏನಿತ್ತು? ಓದಿ."

ನೋಡದೆಯೇ ಓದಿದರು. ತಂತಿಯಲ್ಲಿ ಗೊರಗೊರ ಸದ್ದು ಬಂದಿತು. ಕೆಮ್ಮೋ ನಗುವೋ ತಿಳಿಯದು. ಬಹಳ ಹೊತ್ತು ಬಂದಿತು.

"ಖಾಲಿ ಮಾಡಿದ್ಮೇಲೆ ಬೀಗದ ಕೈ ಯಾರ ಹತ್ರ ಕೊಡ್ತೀರಿ?"

"ನಿಯಮದ ಪ್ರಕಾರ ಮ್ಯಾನೇಜರ್ ಹತ್ರ."

"ಗೋಡೆಗಳ ಮೊಳೆ ಎಣಿಸೋರು ಯಾರು?"

"ಮ್ಯಾನೇಜರು."

"ಅವರು ಯಾರು?"

ಮೊಳೆ ಮಾವ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ನೋಡಿ, ನಂಗೆ ಎಪ್ಪತ್ತೊಂಬತ್ತು. ಇನ್ನೊಬ್ಬರಿಗೆ ಮೊದಲಿಂದ ಎಲ್ಲಾ ಕಲಿಸೋಕೆ ನನ್ನ ಕೈಲಿ ಆಗಲ್ಲ. ನನ್ನ ತಲೆ ತಿನ್ಬೇಡಿ. ಆ ಹುಡುಗಿಗೆ ಕನ್ನಡಿ ಮೊಳೆ ನೀವೇ ನಿಮ್ಮ ಕೈಯಾರೆ ಹೊಡೆದುಕೊಡಿ, ಅದೇ ನಿಮ್ಗೆ ಶಿಕ್ಷೆ. ಪೈಪು ನೋಡ್ಕೊಂಡು ಹೊಡೀರಿ." ಅಷ್ಟು ಹೇಳಿ, "ಗೇಟು ಹಾಕಿತ್ತಾ?"

"ಹಾಕಿತ್ತಮ್ಮಾ" ಎಂದರು ಮೊಳೆ ಮಾವ.

ಮುಂದೆ ನಡೆದುದು ಇಷ್ಟು. ಪೈಪಿನ ತೂತನ್ನು ಫೆಬ್ರವರಿ ೨೬ರಂದೇ ಮುಚ್ಚಲಾಯಿತು. ಹೊಲಿಗೆಯವಳು ಮನೆ ಬಿಡಲಿಲ್ಲ. ಹೊಸ ಮನೆಗೆ ಕೊಟ್ಟಿದ್ದ ಮುಂಗಡವನ್ನು ಮೊಳೆ ಮಾವ ತಾವೇ ಹೋಗಿ, ಮೂರು ಸಲ ಅಲೆದು, ಮಾರ್ಚ್ ೧೧ರಂದು ವಾಪಸು ತಂದುಕೊಟ್ಟರು. ಕನ್ನಡಿಯ ಮೊಳೆಯನ್ನು ಮಾರ್ಚ್ ೨ರಂದು ಹೊಡೆಯಲಾಯಿತು. ಮೂಲೆಯಿಂದ ಮೂವತ್ತೆರಡು ಅಂಗುಲ, ನೆಲದಿಂದ ಐದು ಅಡಿ ಎರಡು ಅಂಗುಲ. ನಾಲ್ಕನೆಯ ಮನೆಯ ಪಟ್ಟಿಯಲ್ಲಿ ಅದು ಇಪ್ಪತ್ತನೆಯದು. ಎರಡನೆಯ ಮನೆಯ ಗೋಡೆ ಏಪ್ರಿಲಿನಲ್ಲಿ ಒಣಗಿತು. ಪೆನ್ಸಿಲಿನ ಗೆರೆಗಳು ಮೊದಲನೆಯ ಕೈ ಸುಣ್ಣದ ಮೇಲೂ ಕಾಣುತ್ತಿದ್ದುದರಿಂದ ಎರಡನೆಯ ಕೈ ಬಳಿಸಬೇಕಾಯಿತು. ಹಲಗೆಯನ್ನು ಮೆಟ್ಟಿಲ ಕಂಬಿಗೆ ಹಗ್ಗದಿಂದ ಕಟ್ಟಲಾಯಿತು.

ಮಾಲೀಕರು ೨೦೦೧ರ ಆಗಸ್ಟ್ ೧೯ರಂದು ತೀರಿಕೊಂಡರು. ಹಿಂದಿನ ದಿನದವರೆಗೂ ಏಳು ಗಂ‌ಟೆಯ ಕರೆ ತಪ್ಪಿರಲಿಲ್ಲ. ಮೊಳೆ ಮಾವ ಅವರ ಮಗಳ ಪರವಾಗಿ ೨೦೦೫ರ ಜೂನ್ ೩೦ರವರೆಗೆ ಕಟ್ಟಡ ನೋಡಿಕೊಂಡು, ಪುಸ್ತಕವನ್ನು ಒಪ್ಪಿಸಿ, ಹೆಂಡತಿಯೊಡನೆ ಬೇರೆ ಮನೆಗೆ ಹೋದರು. ಬಿಡುವ ದಿನ ಒಂದನೆಯ ನಂಬರಿನ ಮೊಳೆಗಳನ್ನು, ಅವರ ಕೋರಿಕೆಯಂತೆ, ಹೊಲಿಗೆಯವಳು ಎಣಿಸಿದಳು. ಹದಿನಾಲ್ಕಿದ್ದವು, ಸರಿಯಾಗಿತ್ತು. ಅವರ ಹೆಂಡತಿಯನ್ನು ಅವಳು ಕೊನೆಯವರೆಗೂ ಅತ್ತೆ ಎಂದೇ ಕರೆದಳು. ಅವರನ್ನು, ೧೯೯೮ರ ಫೆಬ್ರವರಿ ೨೫ರ ಮಧ್ಯಾಹ್ನದಿಂದ, ಮ್ಯಾನೇಜರ್ ಸಾರ್ ಎಂದು.